ಹೊರಗಿನ ಮಣ್ಣು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಗೆಲ್ಲ ಗೊತ್ತು. ಬಟ್ಟೆ ಹೊಲಿಸಲು ಬರುವವರು ನನ್ನ ಮುಖ ನೋಡಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಕುತ್ತಿಗೆ ಸ್ವಲ್ಪ ಬಿಗಿಯಾಯಿತು ಎಂದು ಹೇಳಬೇಕಾದವರು ಮೊದಲು ನನ್ನ ಆರೋಗ್ಯ ವಿಚಾರಿಸಿ, ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ಮೆಲ್ಲಗೆ ಕುತ್ತಿಗೆಗೆ ಬರುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ನಾನು ಹುಟ್ಟಿನಿಂದ ಹೀಗಿರಲಿಲ್ಲ, ಎದುರಿನ ಕಟ್ಟಡ ಬಿದ್ದ ಮೇಲೆ ಹೀಗಾದೆ.

ಬೆಳಕು ಬೇಕೆಂದು ಮೆಷಿನ್ನನ್ನು ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದೇನೆ. ತಲೆ ಎತ್ತಿದರೆ ಕಾಣುವುದು ಆ ಜಾಗವೇ. ಅಲ್ಲಿ ಮೊದಲು ನಾಲ್ಕು ಅಂತಸ್ತಿನ ಕಟ್ಟಡವಿತ್ತು. ಕೆಳಗೆ ಫರ್ನಿಚರ್ ಶೋರೂಮು, ಮೇಲೆ ಬಾಡಿಗೆದಾರರು. ಒಂದು ಮಧ್ಯಾಹ್ನ ಅದು ನಿಂತಲ್ಲೇ ಕುಸಿದು ಕೂತಿತು. ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು, ಇದ್ದವರಲ್ಲೂ ಹೆಚ್ಚುಕಡಿಮೆ ಎಲ್ಲರೂ ಗೋಡೆ ಬಿರಿಯುವುದನ್ನು ನೋಡಿ ಹೊರಗೆ ಓಡಿದರು. ಸತ್ತವರು ಇಬ್ಬರೇ. ಎರಡನೇ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿ, ಮತ್ತು ಶೋರೂಮಿನಲ್ಲಿದ್ದ ನನ್ನ ತಮ್ಮ.

ತಮ್ಮ ವೆಲ್ಡರ್. ನಮ್ಮ ಬೀದಿಯ ಅರ್ಧದಷ್ಟು ಗೇಟು, ಗ್ರಿಲ್ಲುಗಳು ಅವನ ಕೈಯವೇ. ಧೂಳು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆಗಲೇ ಕಟ್ಟಡದ ಮಾಲೀಕ ಕ್ಯಾಮೆರಾಗಳ ಮುಂದೆ ನಿಂತು, ವೆಲ್ಡರ್ ತಂದಿದ್ದ ಗ್ಯಾಸ್ ಸಿಲಿಂಡರ್ ಸಿಡಿದು ಕಟ್ಟಡ ಬಿತ್ತು ಎಂದು ಹೇಳಿ ಮುಗಿಸಿದ್ದ. ಹೇಳುವಾಗ ಕರವಸ್ತ್ರ ತೆಗೆದು ಕಣ್ಣು ಬೇರೆ ಒರೆಸಿಕೊಂಡ. ತನಿಖೆಗೆ ಬಂದವರು ಅದನ್ನೇ ಬರೆದುಕೊಂಡು ಕೈ ತೊಳೆದುಕೊಂಡರು. ಸತ್ತವನ ತಲೆಗೆ ಕಟ್ಟಿದರೆ ಅವನೇನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ?

ಅವನ ಬದಲು ನಾನು ಇಲ್ಲ ಎಂದೆ. ನಾನು ಎದುರಿಗೇ ಕೂತಿದ್ದೆ, ಏನೂ ಸಿಡಿದ ಸದ್ದು ಬರಲಿಲ್ಲ, ಮೊದಲು ಕೇಳಿಸಿದ್ದು ದಪ್ಪ ಬಟ್ಟೆ ಹರಿದ ಹಾಗೆ ಗೋಡೆ ಬಿರಿದ ಸದ್ದು ಎಂದು ಕಂಡಕಂಡ ಕಚೇರಿಗಳಲ್ಲಿ ಹೇಳಿದೆ. "ಸ್ವಂತ ಅಕ್ಕ ಅಲ್ವಾ, ನೀವು ಹಂಗೇ ಹೇಳ್ಬೇಕು ಬಿಡಿ" ಎಂದು ಒಬ್ಬ ಅಧಿಕಾರಿ ನನಗೆ ಕುಡಿಯಲು ನೀರು ಕೊಟ್ಟ. ಆ ನೀರನ್ನು ಅವನ ಮುಖಕ್ಕೆ ಎರಚದೆ ಬಂದದ್ದು ನನ್ನ ಜೀವಮಾನದ ದೊಡ್ಡ ತಾಳ್ಮೆ. ಬೀದಿಯಲ್ಲಿ ನಮಗೆ ಸಿಲಿಂಡರ್ ಮನೆಯವರು ಎಂದು ಹೆಸರು ಬಿತ್ತು. ನನಗೆ ಬೇರೇನೂ ಬೇಕಿರಲಿಲ್ಲ. ತಮ್ಮನ ಮೇಲಿನ ಆ ಸುಳ್ಳನ್ನು ಕಿತ್ತು ಹಾಕಬೇಕಿತ್ತು, ಅಷ್ಟೇ.

ಅವನ ಹೆಂಡತಿ, ನನ್ನ ನಾದಿನಿ, ನನ್ನ ಅಂಗಡಿಯ ಹಿಂದಿನ ಕೋಣೆಗೆ ಬಂದು ಸೇರಿಕೊಂಡಳು. ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ ಅವಳದು. ಬೆಳಿಗ್ಗೆ ತಲೆ ತಗ್ಗಿಸಿ ಹೋಗುವಳು, ಸಂಜೆ ತಲೆ ತಗ್ಗಿಸಿ ಬರುವಳು. ಅಂಗಡಿಗೆ ಸಾಮಾನು ತರಲು ಹೋದರೆ ಮಾತಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು. ನಾನಾದರೆ ಅಲ್ಲೇ ನಿಂತು ನಾಲ್ಕು ಮಾತು ಕೇಳಿಯೇ ಬರುತ್ತಿದ್ದೆ. ಅವಳು "ಬಿಡಿ ಅಕ್ಕ" ಎನ್ನುವಳು. ಏನು ಹೇಳಿದರೂ "ಬಿಡಿ ಅಕ್ಕ." ಗಂಡನ ಹೆಸರಿಗೆ ಮಸಿ ಬಳಿದಿದ್ದರೂ ಇವಳಿಗೆ ಉರಿ ಹತ್ತುವುದಿಲ್ಲವಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು.

ಬಿದ್ದ ಕಲ್ಲುಮಣ್ಣನ್ನು ಸಾಗಿಸಿದ ಮೇಲೆ ಆ ಜಾಗಕ್ಕೆ ಸುತ್ತ ತಗಡು ಹೊಡೆದರು. ಒಳಗೆ ಉಳಿದದ್ದು ಶೋರೂಮಿನ ಬಿಳಿ ಟೈಲ್ಸಿನ ನೆಲ, ಮುರಿದ ಕಂಬಗಳ ಬುಡ, ಅವುಗಳಿಂದ ಅಡ್ಡಾದಿಡ್ಡಿ ಬಗ್ಗಿ ನಿಂತ ಕಂಬಿಗಳು. ಬರುಬರುತ್ತ ಅದು ಬೀದಿಯ ಕಸದ ತೊಟ್ಟಿಯಾಯಿತು. ಹಳೆ ಹಾಸಿಗೆ, ಒಡೆದ ಕಮೋಡು, ಯಾರೋ ಎಸೆದ ಕನ್ನಡಕ ಎಲ್ಲ ಅಲ್ಲಿ. ನನ್ನ ತಮ್ಮ ಸತ್ತ ಜಾಗದ ಮೇಲೆ ಜನ ಕಸ ಎಸೆಯುವುದನ್ನು ನೋಡುತ್ತಾ ನಾನು ಇನ್ನೊಬ್ಬರ ಮದುವೆಯ ರವಿಕೆಗೆ ಹುಕ್ ಹಾಕುತ್ತಿದ್ದೆ.

ಆಗ ಟೀಚರ್ ಬಂದರು. ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳಿ ನಿವೃತ್ತರಾದವರು. ಕಟ್ಟಡದಲ್ಲಿ ಸತ್ತ ಆ ಮುದುಕಿ ಇವರ ತಾಯಿ. ಅವರ ಜೊತೆಗೆ ಬೀದಿಯ ಸಂಘದ ಅಧ್ಯಕ್ಷರೂ ಇದ್ದರು. ಅವರಿಗೆ ಮೈಕ್ ಎಂದು ಹೆಸರು. ಎದುರಿಗೆ ಇಬ್ಬರೇ ಇದ್ದರೂ ಸಭೆಗೆ ಮಾತಾಡಿದ ಹಾಗೆ ಮಾತಾಡುವವರು.

"ಖಾಲಿ ಜಾಗದಲ್ಲಿ ತೋಟ ಮಾಡ್ತಿದೀವಿ. ಹೊರಗಿಂದ ತಂದ ಶೋಕಿ ಗಿಡ ಅಲ್ಲ. ಈ ನೆಲದಲ್ಲಿ ಮೊದಲಿಂದ ಇದ್ದವು, ತಾನಾಗೇ ಬೆಳೀತಿದ್ದವು. ಎಲ್ಲರೂ ಸೇರಿ ಮಾಡೋದು. ನೀವೂ ಬನ್ನಿ" ಎಂದರು ಟೀಚರ್.

"ಮಾಲೀಕ ಒಪ್ಪಿದ್ನಾ?" ಎಂದೆ.

"ಕೇಳಿದ ತಕ್ಷಣ ಒಪ್ಪಿದ್ರು. ದೊಡ್ಡ ಮನಸ್ಸು. ಸತ್ತವರ ನೆನಪಿಗೆ ಅಂತ ಅವರೇ ಅಂದ್ರು" ಎಂದರು ಮೈಕ್.

ನನಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ಕೆಳಗಿಟ್ಟೆ. "ಸತ್ತವರ ನೆನಪು ಅವನಿಗೆ ಯಾವಾಗಿಂದ? ನನ್ನ ತಮ್ಮನ ಮೇಲೆ ಸುಳ್ಳು ಹೊರಿಸಿದ ಜಾಗದ ಮೇಲೆ ಹೂ ಬೆಳೆಸಿ ವಾಸನೆ ನೋಡ್ತೀರಾ? ಟೀಚರ್, ನಿಮ್ಮ ತಾಯಿ ಸತ್ತ ಜಾಗ ಅದು. ನಿಮಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ಅದಕ್ಕೇ ಕಸ ಎತ್ತೋಣ ಅಂತ" ಎಂದರು ಟೀಚರ್. "ನಿಮ್ಮ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಕೈತಪ್ಪಿ ಆಗಿದ್ದು ಅದು."

"ಆಗೇ ಇಲ್ಲ ಅಂತೀನಿ. ನೀವು ಆಗಿದ್ದನ್ನ ಕ್ಷಮಿಸ್ತೀನಿ ಅಂತೀರಿ" ಎಂದೆ. ಅವರು ಎದ್ದು ಹೋದರು. ಒಳ್ಳೆಯ ಹೆಂಗಸು ಎಂದು ನನಗೆ ಆಗಲೂ ಗೊತ್ತಿತ್ತು. ಒಳ್ಳೆಯವರ ಮೇಲೆ ಬರುವ ಸಿಟ್ಟು ಇಳಿಯುವುದು ಇನ್ನೂ ಕಷ್ಟ.

ಮುಂದಿನ ವಾರ ಲಾರಿಗಳು ಬಂದವು. ಮಾಲೀಕನ ಖರ್ಚಿನಲ್ಲಿ ಒಳ್ಳೆಯ ಕೆಂಪು ಮಣ್ಣು, ಜೊತೆಗೆ ಗೊಬ್ಬರ. ಇಡೀ ನೆಲದ ಮೇಲೆ ಸೊಂಟದೆತ್ತರ ಸುರಿದು, ಮೇಲೆ ಏನು ಬೇಕಾದರೂ ನೆಟ್ಟುಕೊಳ್ಳಿ ಎಂದು ಅವನ ಮ್ಯಾನೇಜರ್ ಬಂದು ನಿಂತ. ಟೀಚರ್ ಲಾರಿಯ ಮುಂದೆ ಹೋಗಿ ನಿಂತು ಬೇಡ ಎಂದರು. ಮೈಕ್ ಗಾಬರಿಯಾಗಿ, "ಬಿಟ್ಟಿ ಮಣ್ಣು ಟೀಚರ್" ಎಂದು ಕೈ ಕೈ ಹಿಸುಕಿಕೊಂಡರು. ಟೀಚರ್ ಜಗ್ಗಲಿಲ್ಲ. ಈ ನೆಲದ ಗಿಡಗಳಿಗೆ ಈ ನೆಲದ ಬಡ ಮಣ್ಣೇ ಬೇಕು, ಕೊಬ್ಬಿದ ಮಣ್ಣು ಹಾಕಿದರೆ ಅವು ಎತ್ತರಕ್ಕೆ ಬೆಳೆದು ಅಡ್ಡ ಬೀಳುತ್ತವೆ, ಮೇಲಾಗಿ ಹೊರಗಿನ ಮಣ್ಣಿನ ಜೊತೆ ಎಲ್ಲೆಲ್ಲಿಯದೋ ಕಳೆ ಬರುತ್ತದೆ, ನಾವು ಟೈಲ್ಸ್ ಕಿತ್ತು, ಕೆಳಗಿನ ಕಾಂಕ್ರೀಟ್ ಒಡೆದು, ಹಳೇ ನೆಲಕ್ಕೇ ನೆಡುತ್ತೇವೆ ಎಂದರು. ಮ್ಯಾನೇಜರ್ ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ಲಾರಿ ಮಣ್ಣು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಬಿಟ್ಟಿ ಸಿಕ್ಕಿದ್ದನ್ನು ವಾಪಸು ಕಳಿಸುವ ಜನ ನಮ್ಮ ಬೀದಿಯಲ್ಲೂ ಇದ್ದಾರಲ್ಲ ಎಂದು ನಾನು ಅಂಗಡಿಯಲ್ಲಿ ಕೂತು ನಕ್ಕೆ.

ಹೀಗೆ ಹಾರೆ, ಪಿಕಾಸಿಗಳ ಸದ್ದು ಶುರುವಾಯಿತು. ಭಾನುವಾರ ಬೆಳಿಗ್ಗೆ ಬ್ಯಾಂಕಿನವರು, ಔಷಧಿ ಅಂಗಡಿಯವರು, ಬಸ್ ಡ್ರೈವರು ಎಲ್ಲ ಬಂದು ಒಂದೊಂದು ಚೌಕ ಒಡೆಯುವರು. ಒಂದು ಭಾನುವಾರ ತಲೆ ಎತ್ತಿ ನೋಡಿದರೆ ಅವರ ನಡುವೆ ಸೆರಗು ಸಿಕ್ಕಿಸಿಕೊಂಡು ನನ್ನ ನಾದಿನಿ ನಿಂತಿದ್ದಾಳೆ. ಕೈಯಲ್ಲಿ ಗುದ್ದಲಿ.

ಸಂಜೆ ಅವಳು ಬರುವವರೆಗೆ ನಾನು ಮೆಷಿನ್ನಿನಿಂದ ಏಳಲಿಲ್ಲ. "ನಾಚಿಕೆ ಆಗಲ್ವಾ ನಿನಗೆ?" ಎಂದೆ. "ಅವನ ಹೆಣ ತೆಗೆದ ಜಾಗ ಅದು. ಅಲ್ಲಿ ಹೋಗಿ ಅವನನ್ನ ಆಡಿಕೊಂಡವರ ಜೊತೆ ಟೀ ಕುಡ್ಕೊಂಡು ಬರ್ತೀಯಲ್ಲ."

ಅವಳು ಕೈಯ ಬೊಬ್ಬೆಗಳನ್ನು ನೋಡಿಕೊಳ್ಳುತ್ತ ನಿಂತಳು. "ಅವರು ನನ್ನ ಹತ್ರ ಮಾತಾಡ್ತಾರೆ ಅಕ್ಕ" ಎಂದಳು. "ಗುದ್ದಲಿ ಕೊಡಿ ಅಂತಾರೆ, ನೀರು ಬೇಕಾ ಅಂತ ಕೇಳ್ತಾರೆ. ಎಷ್ಟು ದಿನ ಆಗಿತ್ತು ಅಕ್ಕ, ಬೇರೆಯವರು ನನ್ನನ್ನ ಏನಾದ್ರೂ ಕೇಳಿ."

ಉತ್ತರ ಇಲ್ಲದಿದ್ದರೆ ನಾನು ಸಾಮಾನ್ಯವಾಗಿ ಕೂಗುತ್ತೇನೆ. ಅವತ್ತು ಕೂಗದೆ ಅವಳ ಕೈಗೆ ಮುಲಾಮು ಕೊಟ್ಟೆ, ಆದರೆ ಮುಖ ತಿರುಗಿಸಿಕೊಂಡೇ ಕೊಟ್ಟೆ.

ಮಳೆಗಾಲ ಬಂದು ಹೋಯಿತು. ಟೈಲ್ಸ್ ಕಿತ್ತ ಚೌಕಗಳಲ್ಲಿ ಹಸಿರು ಎದ್ದಿತು. ಮೊಣಕಾಲೆತ್ತರದ ಹುಲ್ಲು, ಅದರ ನಡುವೆ ಅಂಗಿ ಗುಂಡಿಯಷ್ಟು ಹಳದಿ ಹೂ. ಮುರಿದ ಕಂಬಗಳ ಬಗ್ಗಿದ ಕಂಬಿಗಳನ್ನು ಟೀಚರ್ ಹಾಗೇ ಉಳಿಸಿದ್ದರು, ಅವಕ್ಕೆ ಬಳ್ಳಿ ಹಬ್ಬಿತು. ಬೀದಿಯವರು ಮೊದಮೊದಲು ಕಳೆ ತೋಟ ಎಂದು ಆಡಿಕೊಂಡರು. ಆಮೇಲೆ ಚಿಟ್ಟೆ ಬಂದವು, ಎಲ್ಲರ ಬಾಯಿ ಮುಚ್ಚಿತು. ಪ್ರೆಸ್ಸಿನಿಂದ ಬಂದವಳೇ ನಾದಿನಿ ಚಪ್ಪಲಿ ಸಹ ಬಿಡದೆ ಅಲ್ಲಿಗೆ ಹೋಗುವಳು. ಯಾವ ಗಿಡದ ಪಕ್ಕ ಯಾವುದಿರಬೇಕು ಎಂದು ಅವಳನ್ನು ಕೇಳುವ ಹಾಗಾಯಿತು. ಅವಳು ನಗುವುದನ್ನು ನಾನು ಬೀದಿಯ ಈಚೆಯಿಂದ ನೋಡಿದೆ. ತೋಟದ ಮೇಲೆ ನನ್ನ ಸಿಟ್ಟು ಕಮ್ಮಿಯಾಗಲಿಲ್ಲ, ಆದರೆ ಅದನ್ನು ಅವಳ ಮುಂದೆ ಆಡುವುದನ್ನು ನಿಲ್ಲಿಸಿದೆ.

ಕೊನೆಗೆ ಹಿಂದಿನ ಒಂದು ಮೂಲೆ ಮಾತ್ರ ಒಡೆಯಲು ಉಳಿಯಿತು. ಅಷ್ಟರಲ್ಲಿ ಮಾಲೀಕನಿಂದ ಒಂದು ಉಡುಗೊರೆ ಬಂತು. ಹಕ್ಕಿಗಳು ನೀರು ಕುಡಿಯಲೆಂದು ಕಲ್ಲಿನ ದೊಡ್ಡ ಬೋಗುಣಿ. ಅದನ್ನು ಆ ಮೂಲೆಯಲ್ಲೇ ಇಡಬೇಕು, ಅಲ್ಲಿ ಅಗೆಯುವ ಕಷ್ಟ ಬೇಡ ಎಂದು ಮ್ಯಾನೇಜರ್ ಖುದ್ದಾಗಿ ಬಂದು ಜಾಗ ತೋರಿಸಿ ಹೋದ. ಇಷ್ಟು ಪ್ರೀತಿ ಯಾಕೆ ಎಂದು ಯಾರೂ ಕೇಳಲಿಲ್ಲ. ಬೋಗುಣಿ ಬೇಕಾದರೆ ಇಡೋಣ, ಅದರ ಕೆಳಗೂ ಮಳೆ ನೀರು ಇಂಗಬೇಕು, ಟೈಲ್ಸ್ ಕೀಳಿ ಎಂದು ಟೀಚರ್ ನಾದಿನಿಗೆ ಹೇಳಿದರು.

ಅವತ್ತು ಸಂಜೆ ನಾನು ತಲೆ ಎತ್ತಿದಾಗ ನಾದಿನಿ ಆ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ಒಂದು ತೋಳು ಹೊಲಿದು ಮತ್ತೆ ತಲೆ ಎತ್ತಿದೆ. ಹಾಗೇ ಕೂತಿದ್ದಳು. ಬೇರೆ ಯಾರೂ ಇರಲಿಲ್ಲ. ಏನೋ ಕಚ್ಚಿತೋ ಏನೋ ಎಂದು ಹೆದರಿ, ಈವರೆಗೆ ಕಾಲಿಡದ ತೋಟದೊಳಗೆ ಓಡಿದೆ.

"ಏನಾಯ್ತೇ?"

"ಏನಿಲ್ಲ ಅಕ್ಕ. ನೀವು ಹೋಗಿ" ಎಂದಳು. ಏಳಲಿಲ್ಲ. ನಾನು ತೋಳು ಹಿಡಿದು ಎಬ್ಬಿಸಿದೆ. ಅವಳ ಕೆಳಗೆ ಕಿತ್ತ ಟೈಲ್ಸ್ ಒಂದನ್ನು ಮತ್ತೆ ಮುಚ್ಚಿಟ್ಟಿದ್ದಳು. ನಾನು ಅದನ್ನು ಎತ್ತಿದೆ.

ಕೆಳಗೆ ಒಂದು ಕಂಬದ ಬುಡ ಇತ್ತು. ಉಳಿದ ಕಂಬಗಳ ಹಾಗೆ ಮುರಿದದ್ದಲ್ಲ. ನೆಲಕ್ಕೆ ಸಮವಾಗಿ, ಚೌಕವಾಗಿ, ಕಂಬಿಗಳ ತುದಿಗಳೆಲ್ಲ ಒಂದೇ ಮಟ್ಟಕ್ಕೆ ಕಡಿದದ್ದು. ಕಡಿದ ತುದಿಗಳ ಮೇಲೆ ಟೈಲ್ಸ್ ಅಂಟಿಸಿದ ಸಿಮೆಂಟು ಹಾಗೇ ಹಿಡಿದುಕೊಂಡಿತ್ತು. ಅದನ್ನು ಅರ್ಥ ಮಾಡಿಕೊಳ್ಳಲು ಯಾವ ಇಂಜಿನಿಯರೂ ಬೇಕಿರಲಿಲ್ಲ. ಕಟ್ಟಡ ಬೀಳುವುದಕ್ಕೆ ಮುಂಚೆಯೇ ಯಾರೋ ಶೋರೂಮು ಅಗಲ ಕಾಣಲೆಂದು ಅಡ್ಡ ಇದ್ದ ಒಂದು ಕಂಬವನ್ನೇ ತೆಗೆಸಿ, ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರು. ಲಾರಿಗಟ್ಟಲೆ ಮಣ್ಣು ಯಾಕೆ ಬಂತು, ಬೋಗುಣಿ ಯಾಕೆ ಬಂತು ಎಲ್ಲ ಒಮ್ಮೆಗೇ ತಿಳಿಯಿತು. ತೋಟ ಎಂದರೆ ಮಣ್ಣು ಸುರಿದು ಮುಚ್ಚುವುದು ಎಂದುಕೊಂಡಿದ್ದ ಅವನು. ಜಾಗವನ್ನು ಅಗೆಯುವ ಜನರ ಕೈಗೆ ಕೊಟ್ಟುಬಿಟ್ಟಿದ್ದ.

"ಸಿಕ್ತು" ಎಂದೆ. "ಸಿಕ್ಕಿಬಿದ್ದ ಕಳ್ಳ. ಸಿಲಿಂಡರ್ ಅಂತೆ ಸಿಲಿಂಡರ್. ನಾಳೆನೇ ಎಲ್ಲರನ್ನೂ ಕರೆಸ್ತೀನಿ."

"ಮುಚ್ಚಿ ಅಕ್ಕ" ಎಂದಳು ನಾದಿನಿ.

"ಮುಚ್ಚೋದಾ? ಹುಚ್ಚು ಹಿಡೀತಾ ನಿನಗೆ? ಯಾರು ಕಡಿದ್ರು ಅಂತ ಈಗ ಬಾಯಿ ಬಿಡಿಸ್ತೀನಿ."

"ಅವರೇ ಕಡಿದಿದ್ದು ಅಕ್ಕ."

ಯಾರು ಎಂದು ಕೇಳಬೇಕಾಗಿರಲಿಲ್ಲ. ಅವಳು ಬೇರೆ ಯಾರನ್ನೂ ಆ ದನಿಯಲ್ಲಿ ಅವರು ಎನ್ನುವುದಿಲ್ಲ. ನಾನು ಬಗ್ಗಿ ನೋಡಿದೆ. ಕಂಬಿಯ ತುದಿಗಳು ಗರಗಸದಲ್ಲಿ ಕೊಯ್ದವಲ್ಲ. ಕರಗಿ, ಬೆವರಿನ ಹನಿಯ ಹಾಗೆ ಗುಂಡಗೆ ಗಟ್ಟಿಯಾಗಿದ್ದವು. ಗ್ಯಾಸ್ ಕಟರ್‌ನಲ್ಲಿ ಕಡಿದ ಕಂಬಿಗಳನ್ನು ನಾನು ತಮ್ಮನ ಶೆಡ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಅವಳು ನೆಲ ನೋಡುತ್ತಲೇ ಹೇಳಿದಳು. ಶೋರೂಮು ತೆರೆಯುವ ಮುಂಚೆ ಮಾಲೀಕ ಅವನನ್ನು ಕರೆಸಿ ಕಂಬ ತೆಗೆಯಲು ಹೇಳಿದ್ದ. ಬೀಳಲ್ವಾ ಎಂದು ಇವನು ಕೇಳಿದ್ದಕ್ಕೆ, ಇಂಜಿನಿಯರ್ ನೋಡಿ ಸರಿ ಅಂದಿದ್ದಾರೆ, ನೀನು ಹೇಳಿದ್ದು ಮಾಡು ಎಂದಿದ್ದ. ಮನೆಗೆ ಬಂದು ಇವನು ಊಟ ಮಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾಲೀಕನ ಫೋನ್ ಬಂತು. ಗೋಡೆ ಬಿರಿಯುತ್ತಿದೆ, ಬಂದು ಕಬ್ಬಿಣದ ಆಸರೆ ಕೊಟ್ಟು ವೆಲ್ಡ್ ಮಾಡು, ಯಾರಿಗೂ ಹೇಳಬೇಡ ಎಂದು. ಫೋನಿನ ದನಿ ಜೋರಾಗಿತ್ತು, ಅವಳಿಗೂ ಕೇಳಿಸಿತು. ಇವನು ಕೈ ತೊಳೆಯದೆ ಎದ್ದು, ಸಿಲಿಂಡರನ್ನು ಗಾಡಿಗೆ ಹಾಕಿಕೊಂಡು ಹೋದ. ಎಲ್ಲರೂ ಹೊರಗೆ ಓಡುವಾಗ ಇವನು ಒಳಗೆ ಹೋದ.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲೇ" ಎಂದೆ.

"ಸಿಲಿಂಡರ್ ಅಂದ್ರೆ ಕೈತಪ್ಪು ಅಂತಾರೆ. ಕಂಬ ಕಡಿದ ಅಂದ್ರೆ ಕೊಂದ ಅಂತಾರೆ" ಎಂದಳು. "ಟೀಚರ್ ತಾಯಿನ ಕೊಂದ ಅಂತಾರೆ. ಯಾವುದು ವಾಸಿ ನೀವೇ ಹೇಳಿ."

ನಾನು ಎದ್ದು ಬಂದೆ. ಮೆಷಿನ್ ಮುಂದೆ ಕೂತೆ. ಎಡ ತೋಳನ್ನು ಬಲಕ್ಕೆ ಹೊಲಿದೆ, ಬಿಚ್ಚಿದೆ, ಮತ್ತೆ ಅದನ್ನೇ ಬಲಕ್ಕೆ ಹೊಲಿದೆ. ಇಷ್ಟು ವರ್ಷ ಮಾಲೀಕನ ಮೇಲೆ, ಅಧಿಕಾರಿಗಳ ಮೇಲೆ, ಬೀದಿಯ ಮೇಲೆ ಕಾರಿದ ಸಿಟ್ಟೆಲ್ಲ ತಿರುಗಿ ತಮ್ಮನ ಮೇಲೆ ಬಂತು. ಆಗಲ್ಲ ಎನ್ನಲು ಬಾಯಿ ಇರಲಿಲ್ಲವೇ ನಿನಗೆ? ದೊಡ್ಡವರು ಹೇಳಿದರು ಎಂದು ಕಂಬ ಕಡಿಯುತ್ತಾರೆಯೇ ಯಾರಾದರೂ? ಚಿಕ್ಕವನಿದ್ದಾಗ ಬೈದ ಹಾಗೆ ಮನಸ್ಸಿನಲ್ಲೇ ಬೈದೆ. ಬೈಯುತ್ತಾ ಬೈಯುತ್ತಾ, ಗೋಡೆ ಬಿರಿಯುತ್ತಿದ್ದ ಕಟ್ಟಡದೊಳಗೆ ಸಿಲಿಂಡರ್ ಎಳೆದುಕೊಂಡು ಹೋಗುವವನ ಬೆನ್ನು ಕಣ್ಣ ಮುಂದೆ ಬಂತು. ತಾನು ಮಾಡಿದ್ದನ್ನು ತಾನೇ ಹೊರಲು ಹೋದ. ಮಾಡಿಸಿದವನು ಹೊರಗೆ ಕಾರಿನಲ್ಲಿ ಕೂತಿದ್ದ.

ಮಾರನೆಯ ಬೆಳಿಗ್ಗೆ ನಾದಿನಿಗೆ ಹೇಳಿದೆ, "ಭಾನುವಾರ ತೋಟದ ಉದ್ಘಾಟನೆಗೆ ಅವನು ಬರ್ತಾನೆ. ಎಲ್ಲರ ಮುಂದೆ ಹೇಳ್ತೀನಿ. ಕಂಬ ಕಡಿದ ಅಂತಾನೂ ಹೇಳ್ತೀನಿ."

"ನೀವು ಹೇಳಿದ್ರೆ ನಾನು ಸುಳ್ಳು ಅಂತೀನಿ" ಎಂದಳು. ಅವಳ ಬಾಯಲ್ಲಿ ಮೊದಲ ಸಲ "ಬಿಡಿ ಅಕ್ಕ" ಬರಲಿಲ್ಲ. "ಫೋನಿನ ಮಾತು ಕೇಳಿದ್ದು ನಾನು, ನೀವಲ್ಲ. ನನಗೆ ಇರೋದು ಇದೊಂದು ತೋಟ. ಅದನ್ನೂ ಕಿತ್ಕೊಳ್ತೀರಾ?"

ಭಾನುವಾರದವರೆಗೆ ನಾವು ಒಂದೇ ಒಲೆಯ ಮುಂದೆ ನಿಂತು ಮಾತಿಲ್ಲದೆ ಅಡುಗೆ ಮಾಡಿದೆವು.

ಉದ್ಘಾಟನೆಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹುಲ್ಲಿನ ಅಂಚಿಗೆ ಹಾಕಿದ್ದರು. ಮೈಕ್ ಕೈಯಲ್ಲಿ ನಿಜವಾದ ಮೈಕೇ ಇತ್ತು, ಆದ್ದರಿಂದ ಅವರನ್ನು ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ. ನಾದಿನಿ ಕಂಬದ ಬುಡಕ್ಕೆ ಮತ್ತೆ ಟೈಲ್ಸ್ ಮುಚ್ಚಿ ಮಣ್ಣು ಎಳೆದಿದ್ದಳು, ಅದರ ಮೇಲೆ ಬೋಗುಣಿ ಕೂರಿಸಿ, ನೀರು ತುಂಬಿಸಿದ್ದರು. ನಾದಿನಿ ಅದರ ಪಕ್ಕದಲ್ಲೇ ಕಾವಲಿಗೆ ನಿಂತವಳ ಹಾಗೆ ನಿಂತಿದ್ದಳು. ನಾನು ಹಿಂದೆ ಗೇಟಿನ ಹತ್ತಿರ ನಿಂತು, ಹೇಳಬೇಕಾದ ಮಾತುಗಳನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದೆ. ಅವಳು ಸುಳ್ಳು ಎಂದರೂ ಹೇಳುವವಳೇ ನಾನು.

ಮಾಲೀಕ ಎದ್ದು ನಿಂತ. ವಯಸ್ಸಾಗಿತ್ತು, ಮುಖ ಮಾತ್ರ ಬೆಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಗಿಡಗಳನ್ನು ಹೊಗಳಿದ, ಟೀಚರನ್ನು ಹೊಗಳಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಆ ದುರಂತಕ್ಕೆ ಕಾರಣ ಆದವನನ್ನ ನಾನು ಯಾವತ್ತೋ ಕ್ಷಮಿಸಿದೀನಿ. ಇವತ್ತು ಅವನ ಹೆಂಡತಿನೂ ಈ ತೋಟದಲ್ಲಿ ಕೆಲಸ ಮಾಡ್ಲಿ ಅಂತ ಬಿಟ್ಟಿದೀವಿ. ಮನುಷ್ಯತ್ವ ಅಂದ್ರೆ ಇದೇ."

ಜನ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಗಳನ್ನು ತಳ್ಳಿಕೊಂಡು ಮುಂದೆ ನುಗ್ಗಿದೆ. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ನಾದಿನಿ ಮಾತಾಡಿದಳು.

"ಕ್ಷಮಿಸೋಕೆ ನೀವ್ಯಾರು?" ಎಂದಳು.

ಅವಳು ಕೂಗಲಿಲ್ಲ. ಪ್ರೆಸ್ಸಿನಲ್ಲಿ ಹಾಳೆ ಎಣಿಸುವವಳ ದನಿ ಅದು. ಚಪ್ಪಾಳೆ ಅರ್ಧಕ್ಕೆ ನಿಂತಿತು.

"ಕಂಬ ಕಡಿದಿದ್ದು ಅವರು. ನನ್ನ ಗಂಡ. ಕಡಿ ಅಂದಿದ್ದು ನೀವು. ಇಂಜಿನಿಯರ್ ನೋಡಿದಾರೆ ಅಂತ ಸುಳ್ಳು ಹೇಳಿದ್ರಿ. ಗೋಡೆ ಬಿರಿದ ದಿವಸ ನೀವೇ ಫೋನ್ ಮಾಡಿ, ಬಂದು ಆಸರೆ ಕೊಡು, ಯಾರಿಗೂ ಹೇಳಬೇಡ ಅಂದ್ರಿ. ಮೇಲಿದ್ದವರಿಗೆ ಇಳೀರಿ ಅಂತ ಒಂದು ಮಾತು ಹೇಳಲಿಲ್ಲ. ನಾನು ಊಟ ಬಡಿಸ್ತಾ ಇದ್ದೆ, ಎಲ್ಲ ಕೇಳಿಸ್ತು ನನಗೆ."

"ಏನಮ್ಮ ಇದು, ಬಾಯಿಗೆ ಬಂದಂಗೆ" ಎಂದು ಮಾಲೀಕ ಅಧ್ಯಕ್ಷರ ಕಡೆ ತಿರುಗಿದ. "ಯಾವ ಕಂಬ? ಎಲ್ಲಿದೆ ಕಂಬ?"

ಅವಳು ನನ್ನ ಕಡೆ ನೋಡಿದಳು. ನಾನು ಹೋಗಿ ಬೋಗುಣಿಗೆ ಹೆಗಲು ಕೊಟ್ಟೆ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಅವಳು. ಅದು ಉರುಳಿ, ನೀರೆಲ್ಲ ಮಾಲೀಕನ ಬೂಟಿನ ಮೇಲೆ ಹರಿಯಿತು. ಅವಳು ಬರಿಗೈಯಲ್ಲಿ ಕೆಸರು ಸರಿಸಿ, ಟೈಲ್ಸ್ ಎತ್ತಿ ತೋರಿಸಿದಳು. ಬಸ್ ಡ್ರೈವರು ಬಗ್ಗಿ ನೋಡಿ, ಪಕ್ಕದವರನ್ನು ಕರೆದರು. ಒಬ್ಬೊಬ್ಬರಾಗಿ ಎಲ್ಲರೂ ಬಂದು ನೋಡಿದರು. ಯಾರೋ ಫೋಟೊ ತೆಗೆದರು. ಮಾಲೀಕ ಕುಳಿತು ಮಾತಾಡೋಣ ಎನ್ನುತ್ತ ಕುಳಿತುಕೊಳ್ಳದೆ ಗೇಟಿನ ಕಡೆ ನಡೆದ. ಅವನಿಗೆ ಯಾರೂ ದಾರಿ ಬಿಡಲಿಲ್ಲ. ಕುರ್ಚಿಗಳ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಹೋದ.

ಟೀಚರ್ ಮಾತ್ರ ಕಂಬದ ಹತ್ತಿರ ಬರಲಿಲ್ಲ. ಇದ್ದಲ್ಲೇ ನಿಂತು ಯಾರೋ ಅಧಿಕಾರಿಗೆ ಫೋನ್ ಮಾಡಿ, ನೀವು ಈಗಲೇ ಬನ್ನಿ, ನಿಮ್ಮ ಜೊತೆ ಪೊಲೀಸರನ್ನೂ ಕರೆತನ್ನಿ ಎಂದರು. ಫೋನ್ ಇಟ್ಟ ಮೇಲೆ ನಾದಿನಿಯ ಎದುರಿಗೆ ಬಂದು ನಿಂತರು.

"ಒಂದು ವರ್ಷ ನನ್ನ ಪಕ್ಕದಲ್ಲಿ ಕೂತು ಬೀಜ ಹಾಕಿದ್ರಿ" ಎಂದರು. "ಗೊತ್ತಿದ್ದೂ ಹಾಕಿದ್ರಿ."

"ಹೌದು ಟೀಚರ್."

"ಸತ್ಯ ಹೇಳಿದ್ರಿ. ಅದು ದೊಡ್ಡದು, ನನಗೆ ಗೊತ್ತು. ಆದ್ರೆ ನನಗೆ ಈಗ ಸಿಟ್ಟು ಬರ್ತಾ ಇದೆ. ಅವನ ಮೇಲೆ, ನಿಮ್ಮ ಗಂಡನ ಮೇಲೆ, ನಿಮ್ಮ ಮೇಲೂ. ನನ್ನ ಅಮ್ಮ ಎದ್ದು ಓಡೋಕೆ ಆಗದೆ ಮಲಗಿದ್ಲು. ನೀವು ಸ್ವಲ್ಪ ದಿನ ತೋಟಕ್ಕೆ ಬರಬೇಡಿ. ನನ್ನ ಕೈಲಿ ನೋಡೋಕಾಗಲ್ಲ."

ಟೀಚರ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ನಾದಿನಿ ತಲೆಯಾಡಿಸಿ, ಕೈ ಒರೆಸಿಕೊಂಡು, ಗುದ್ದಲಿಯನ್ನು ಅದರ ಜಾಗದಲ್ಲಿ ಒರಗಿಸಿ ಹೊರಗೆ ನಡೆದಳು. ಬೀದಿ ದಾಟುವಾಗ ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲ ನಿಧಾನವಾಗಿ ಆಗುತ್ತಿದೆ. ಇಂಜಿನಿಯರುಗಳು ಬಂದು ಕಂಬದ ಸುತ್ತ ಪಟ್ಟಿ ಕಟ್ಟಿ ಹೋದರು. ತನಿಖೆ ಮತ್ತೆ ತೆರೆದರು. ನಾದಿನಿ ಹೇಳಿಕೆ ಕೊಟ್ಟಳು, ಮಾಲೀಕನನ್ನು ಠಾಣೆಗೆ ಕರೆಸಿದರು. ಅಂಗಡಿಗೆ ಬರುವ ಕೆಲವರು, ಪಾಪ ಟೈಲರಕ್ಕ, ನಿಮ್ಮ ತಮ್ಮನೇ ಕಂಬ ಕಡಿದನಂತಲ್ಲ ಎನ್ನುತ್ತಾರೆ. ಹೌದು, ಕಡಿದ ಎನ್ನುತ್ತೇನೆ. ಯಾರು ಕಡಿಸಿದ್ದು ಎಂದು ಅವರಿಂದಲೇ ಹೇಳಿಸಿ, ಆಮೇಲೆ ಅಳತೆ ತೆಗೆದುಕೊಳ್ಳುತ್ತೇನೆ. ಅವನ ಹೆಸರು ನಾನು ಬಯಸಿದಷ್ಟು ಬೆಳ್ಳಗೆ ಬರಲಿಲ್ಲ. ಆದರೆ ಈಗ ಅದರ ಮೇಲಿರುವುದು ಅವನದೇ ತಪ್ಪು, ಬೇರೆಯವನದಲ್ಲ.

ಅವತ್ತು ಉದ್ಘಾಟನೆಯಿಂದ ಬಂದ ಸಂಜೆ ನಾದಿನಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ "ಅಕ್ಕ" ಎಂದಳು.

"ಹೇಳು."

"ಆ ಬೂದು ಎಲೆ ಗಿಡಕ್ಕೆ ದಿನಾ ನೀರು ಹಾಕಬಾರದು. ಟೀಚರ್‌ಗೆ ಗೊತ್ತು, ಆದ್ರೆ ಅವರು ಇನ್ನು ಬರ್ತಾರೋ ಇಲ್ವೋ. ಅಧ್ಯಕ್ಷರು ಪೈಪ್ ಹಿಡಿದ್ರೆ ಬಿಡಲ್ಲ. ಬೇರು ಕೊಳೆಯುತ್ತೆ."

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ನಾನು ಬೀದಿ ದಾಟಿದೆ. ಅವಳು ಹೇಳಿದ ಹಾಗೇ ಮೈಕ್ ಪೈಪ್ ಹಿಡಿದು ನಿಂತಿದ್ದರು, ಬೂದು ಎಲೆಗಳ ಬುಡದಲ್ಲಿ ನೀರು ಮಡುಗಟ್ಟಿತ್ತು.

"ನಿಲ್ಲಿಸ್ರಿ ನೀರು" ಎಂದೆ. ಬೀದಿಯ ಆ ತುದಿಗೂ ಕೇಳಿಸಿರಬೇಕು. "ಅದಕ್ಕೆ ದಿನಾ ನೀರು ಹಾಕಬಾರದು, ಬೇರು ಕೊಳೆಯುತ್ತೆ."

"ಯಾರು ಹೇಳಿದ್ದು?" ಎಂದರು ಅವರು.

"ನನ್ನ ತಮ್ಮನ ಹೆಂಡ್ತಿ ಹೇಳಿದ್ದು."

ಅವರು ನನ್ನ ಮುಖ ನೋಡಿದರು, ಬೀದಿಯಾಚೆ ನನ್ನ ಅಂಗಡಿಯ ಕಡೆ ನೋಡಿದರು. ಅವರು ಹೋಗಿ ನಲ್ಲಿ ತಿರುಗಿಸಿ, ಪೈಪು ಸುತ್ತಿ ಇಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.